ಸೆಪ್ಟೆಂಬರ್ ಬಂದರೆ ಮಂಡೆಬಿಸಿ, ನೀವೆಲ್ಲ ಹೇಗೆ ಸುಧಾರಿಸುತ್ತೀರಿ?

ಸುರತ್ಕಲ್ ಲೆಕ್ಕದಕ್ಕ | ಸೆಪ್ಟೆಂಬರ್ 12, ರಾತ್ರಿ 11.50

ನಾನು ಮಂಗಳೂರಿನ ಒಂದು ಆಡಿಟ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಸಿಎ ಅಲ್ಲ, ಅಕೌಂಟ್ಸ್ ನೋಡಿಕೊಳ್ಳುವವಳು. ನಮ್ಮ ಲೈನಿನವರಿಗೆ ಸೆಪ್ಟೆಂಬರ್ ಅಂದರೆ ಎಂತ ಅಂತ ಗೊತ್ತುಂಟು, ಉಳಿದವರಿಗೆ ಹೇಳುತ್ತೇನೆ. 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 ಅಂದರೆ ಮಾರಾಟದ ಜಿಎಸ್‌ಟಿ ಲೆಕ್ಕ, 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್, 20ಕ್ಕೆ 3ಬಿ ಅಂದರೆ ಜಿಎಸ್‌ಟಿ ಕಟ್ಟುವ ರಿಟರ್ನ್, 30ಕ್ಕೆ ಟ್ಯಾಕ್ಸ್ ಆಡಿಟ್ ರಿಪೋರ್ಟ್. ಕಂಪನಿಗಳ ವಾರ್ಷಿಕ ಸಭೆಯೂ ಅದೇ 30ರ ಒಳಗೆ. ಇದರ ನಡುವೆ ಚೌತಿ, ಮೊಂತಿ ಫೆಸ್ಟ್ ಅಂತ ಹಬ್ಬಗಳು, ಮನೆಗೆ ನೆಂಟರು.

ಈಗ ಎರಡು ವಾರದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿದೆ. ಕಣ್ಣು ಬಿಟ್ಟ ಕೂಡಲೇ ಯಾವುದೋ ಪಾರ್ಟಿಯ (ನಮ್ಮ ಗಿರಾಕಿಗಳಿಗೆ ಹಾಗೆ ಹೇಳುವುದು) ಟ್ಯಾಕ್ಸ್ ಆಡಿಟಿನ 3ಸಿಡಿ ಫಾರ್ಮ್ ನೆನಪಾಗುತ್ತದೆ, 44ನೇ ಕಲಂ ತುಂಬಿದೆನಾ ಇಲ್ವಾ ಅಂತ. ಮತ್ತೆ ನಿದ್ದೆ ಬರುವುದಿಲ್ಲ. ದಿನಕ್ಕೆ ಐದಾರು ಕಾಫಿ, ಹೊಟ್ಟೆ ಉರಿ. ಸೋಮವಾರ ಒಬ್ಬರ ಸಾಲದ ಮೊತ್ತವನ್ನು ಇನ್ನೊಬ್ಬರ ಫೈಲಿಗೆ ಹಾಕಿದ್ದೆ. ಸೀನಿಯರ್ ನೋಡಿ ಹಿಡಿದರು, ಇಲ್ಲದಿದ್ದರೆ ದೊಡ್ಡ ಪಜೀತಿ ಆಗುತ್ತಿತ್ತು.

ಇಷ್ಟೆಲ್ಲ ಬರೆಯಲಿಕ್ಕೆ ಕಾರಣ ಇವತ್ತಿನ ಒಂದು ಮಾತು. ಮಗಳು ಮೂರನೇ ಕ್ಲಾಸು. ರಾತ್ರಿ ಊಟಕ್ಕೆ ಕೂತಾಗ ಎಂತದೋ ಹೇಳಲಿಕ್ಕೆ ಹೊರಟವಳು ಅರ್ಧಕ್ಕೆ ನಿಲ್ಲಿಸಿದಳು. "ಬೇಡ ಅಮ್ಮ, 30 ಮುಗಿದ ಮೇಲೆ ಹೇಳುತ್ತೇನೆ" ಅಂದಳು. ಎಂಟು ವರ್ಷದ ಮಗುವಿಗೆ ನನ್ನ ಡ್ಯೂ ಡೇಟ್ ಬಾಯಿಪಾಠ ಆಗಿದೆ. ಆಗಿನಿಂದ ಒಂದು ಫೈಲೂ ಓದಲಿಕ್ಕೆ ಆಗಲಿಲ್ಲ.

ಯೋಗ ಮಾಡಿ, ಪಾಸಿಟಿವ್ ಆಗಿರಿ ಅಂತ ದಯವಿಟ್ಟು ಹೇಳಬೇಡಿ. ನೀವು ನಿಜವಾಗಿ ಎಂತ ಮಾಡುತ್ತೀರಿ, ಯಾವುದು ಉಪಯೋಗಕ್ಕೆ ಬಂತು, ಅದನ್ನು ಹೇಳಿ.

ಕದ್ರಿಗುಡ್ಡೆ | ಸೆಪ್ಟೆಂಬರ್ 12, ರಾತ್ರಿ 11.58

ಅಕ್ಕ, ನಾನೂ ಇದೇ ಲೈನು, ಈಗಲೂ ಆಫೀಸಿನಲ್ಲೇ ಇದ್ದೇನೆ. ಮಗಳ ಮಾತು ಓದಿ ಕಣ್ಣು ತುಂಬಿ ಬಂತು.

ಪುನರ್ಪುಳಿ | ಸೆಪ್ಟೆಂಬರ್ 13, ಬೆಳಿಗ್ಗೆ 6.40

ಮೊದಲು ಆ ಕಾಫಿ ಕಡಿಮೆ ಮಾಡಿ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗೆ ಉಂಟು ಅಂತ ಲೆಕ್ಕ. ನಾನು ಮಧ್ಯಾಹ್ನ ಮೂರರ ನಂತರ ಕಷಾಯಕ್ಕೆ ಬದಲಾದೆ. ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ, ನಾಲ್ಕು ಕಾಳುಮೆಣಸು ಹುರಿದು ಪುಡಿ ಮಾಡಿ ಡಬ್ಬಿಯಲ್ಲಿ ಇಟ್ಟರೆ ಆಯಿತು. ಆಫೀಸಿನಲ್ಲಿ ಬಿಸಿಹಾಲು ಸಿಕ್ಕಿದರೆ ಸಾಕು, ಬೆಲ್ಲ ಹಾಕಿ ಕುಡಿಯುವುದು. ಹೊಟ್ಟೆ ಉರಿಯೂ ಕಡಿಮೆ ಆಯಿತು.

ಕೊಡಿಯಾಲ್‌ಬೈಲ್ | ಸೆಪ್ಟೆಂಬರ್ 13, ಬೆಳಿಗ್ಗೆ 7.15

ನಾನು ಒಪ್ಪುವುದಿಲ್ಲ. ಸೀಸನ್ ನಡುವೆ ಒಮ್ಮೆಲೇ ಕಾಫಿ ಬಿಟ್ಟರೆ ಎರಡು ಮೂರು ದಿನ ತಲೆನೋವಿನಲ್ಲಿ ಕೆಲಸವೇ ಆಗುವುದಿಲ್ಲ. ನಾನು ಮಾಡಿ ನೋಡಿ ಅನುಭವಿಸಿದ್ದೇನೆ. ಬಿಡುವುದಾದರೆ ದಿನಕ್ಕೆ ಒಂದರಂತೆ ಕಡಿಮೆ ಮಾಡಿ.

ಪುನರ್ಪುಳಿ | ಸೆಪ್ಟೆಂಬರ್ 13, ಬೆಳಿಗ್ಗೆ 7.22

ಅದು ಸರಿ. ಬೆಳಗಿನದ್ದು ಇರಲಿ, ಸಂಜೆಯದ್ದು ಬಿಡಿ.

ಬೋಂದೆಲ್ ಕೋಡರ್ | ಸೆಪ್ಟೆಂಬರ್ 13, ಬೆಳಿಗ್ಗೆ 9.05

ಹನ್ನೊಂದು ವರ್ಷ ಆಗಿದೆ, ಪ್ರತಿ ವರ್ಷ ಇದೇ ಕಥೆ ಅಂದರೆ ಆ ಕೆಲಸ ಬಿಡಬೇಕು. ನಾನು ಎರಡು ವರ್ಷ ಅಮೆರಿಕದ ಕ್ಲೈಂಟಿಗೆ ರಾತ್ರಿ ಪಾಳಿ ಮಾಡಿ ಬಿಪಿ ತರಿಸಿಕೊಂಡೆ. ಬಿಟ್ಟೆ, ಸಂಬಳ ಕಡಿಮೆ ಆಯಿತು, ಜೀವ ಉಳಿಯಿತು. ಉಳಿದದ್ದೆಲ್ಲ ಸುಮ್ನೆ ಗಾಯಕ್ಕೆ ಅರಿಶಿನ ಹಚ್ಚಿದ ಹಾಗೆ.

ತೊಕ್ಕೊಟ್ಟು | ಸೆಪ್ಟೆಂಬರ್ 13, ಬೆಳಿಗ್ಗೆ 9.31

ಮಾರಾಯ್ರೆ, ಬಿಡಿ ಅಂತ ಹೇಳುವುದು ಸುಲಭ. ಮನೆ ಸಾಲದ ಕಂತು, ಶಾಲೆ ಫೀಸು, ಅತ್ತೆಯ ಔಷಧಿ ಇರುವವರು 13ನೇ ತಾರೀಖಿಗೆ ಕೆಲಸ ಬಿಟ್ಟು ಎಲ್ಲಿ ಹೋಗುವುದು? ಅವರು ಕೇಳಿದ್ದು ಈ ಹದಿನೇಳು ದಿನ ಹೇಗೆ ದಾಟುವುದು ಅಂತ.

ಬೋಂದೆಲ್ ಕೋಡರ್ | ಸೆಪ್ಟೆಂಬರ್ 13, ಬೆಳಿಗ್ಗೆ 9.40

ಇವತ್ತೇ ಬಿಡಿ ಅಂತ ನಾನು ಹೇಳಲಿಲ್ಲ. ಆದರೆ ಹದಿನೇಳು ದಿನ ದಾಟಿದ ಮೇಲೆ ಎಲ್ಲರೂ ಮರೆಯುತ್ತಾರೆ, ಮುಂದಿನ ಸೆಪ್ಟೆಂಬರ್‌ಗೆ ಪುನಃ ಇಲ್ಲೇ ಬಂದು ಬರೆಯುತ್ತಾರೆ. ಅದಕ್ಕೇ ಹೇಳಿದ್ದು.

ಹಳೆ ಲೆಡ್ಜರ್ | ಸೆಪ್ಟೆಂಬರ್ 13, ಬೆಳಿಗ್ಗೆ 11.10

ನಾನು 1981ರಲ್ಲಿ ಬ್ಯಾಂಕಿಗೆ ಸೇರಿದವನು, ಈಗ ಉಡುಪಿಯಲ್ಲಿ ನಿವೃತ್ತ ಜೀವನ. ಆಗ ನಮ್ಮ ವರ್ಷದ ಲೆಕ್ಕ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು, ಜೂನ್ 30ಕ್ಕೆ ಅರ್ಧ ವರ್ಷದ್ದು. ಕಂಪ್ಯೂಟರ್ ಇಲ್ಲ. ಒಂದೊಂದು ಖಾತೆಯ ಬಡ್ಡಿ ಕೈಯಲ್ಲೇ ಹಾಕಬೇಕು. ಎಲ್ಲ ಲೆಡ್ಜರಿನ ಮೊತ್ತ ಕೂಡಿಸಿ ಜನರಲ್ ಲೆಡ್ಜರಿಗೆ ತಾಳೆ ಮಾಡಬೇಕು. ತಾಳೆ ಆಗದೆ ಮನೆಗೆ ಹೋಗುವ ಹಾಗಿಲ್ಲ ಅಂತ ಒಂದು ಪದ್ಧತಿ ಇತ್ತು.

ಒಂದು ಡಿಸೆಂಬರ್ ರಾತ್ರಿ 5,400 ರೂಪಾಯಿ ವ್ಯತ್ಯಾಸ. ಐದು ಜನ ಹುಡುಕಿದೆವು. 9ರಿಂದ ಭಾಗ ಆಗುವ ಮೊತ್ತ ಅಂದರೆ ಎಲ್ಲೋ ಅಂಕಿ ತಿರುಗಿಸಿ ಬರೆದಿದ್ದೇವೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಸಿಗಲಿಲ್ಲ. ರಾತ್ರಿ ಒಂದೂವರೆ ಆಯಿತು, ಒಬ್ಬರಿಗೊಬ್ಬರು ಬೈಯುವ ಹಂತಕ್ಕೆ ಬಂದೆವು. ಆಗ ಮ್ಯಾನೇಜರ್ ಎದ್ದು ಬಂದು ಲೆಡ್ಜರುಗಳನ್ನೆಲ್ಲ ಕಪಾಟಿಗೆ ಹಾಕಿ ಬೀಗ ಹಾಕಿದರು. "ಮನೆಗೆ ಹೋಗಿ ಮಲಗಿ, ಎಂಟಕ್ಕೆ ಬನ್ನಿ" ಅಂದರು. ನಮಗೆ ಹೆದರಿಕೆ, ಹೆಡ್ ಆಫೀಸಿಗೆ ಎಂತ ಹೇಳುವುದು ಅಂತ. ಬೆಳಿಗ್ಗೆ ಕೂತು ಹದಿನೈದು ನಿಮಿಷಕ್ಕೆ ಸಿಕ್ಕಿತು. ಒಂದು ಉಳಿತಾಯ ಖಾತೆಯಲ್ಲಿ 8,200 ಇರುವಲ್ಲಿ 2,800 ಬರೆದಿದ್ದೆವು. ಬರೆದದ್ದು ನಾನೇ. ರಾತ್ರಿ ಆ ಪುಟವನ್ನು ಕಡಿಮೆ ಅಂದರೆ ನಾಲ್ಕು ಸಲ ನೋಡಿದ್ದೆ.

ಅಮ್ಮಾ, ನೀವು ಸೋಮವಾರ ಮಾಡಿದ ತಪ್ಪಿಗೆ ನಿಮ್ಮ ಅಜಾಗ್ರತೆ ಕಾರಣ ಅಲ್ಲ. ನಿದ್ದೆ ಇಲ್ಲದ ಕಣ್ಣು ನೋಡಿದ್ದನ್ನೇ ನೋಡುತ್ತದೆ. ರಾತ್ರಿ ಒಂಬತ್ತರ ನಂತರ ಅಂಕಿ ಮುಟ್ಟಬೇಡಿ. ಬೇಕಾದರೆ ಪೇಪರ್ ಜೋಡಿಸುವ ಕೆಲಸ ಮಾಡಿ.

ಆರ್ಟಿಕಲ್ 2ನೇ ವರ್ಷ | ಸೆಪ್ಟೆಂಬರ್ 13, ಮಧ್ಯಾಹ್ನ 1.20

9ರಿಂದ ಭಾಗ ಆದರೆ ಅಂಕಿ ತಿರುಗಿದೆ ಅಂತ ಯಾವ ಕ್ಲಾಸಿನಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ ಸರ್! ಈಗಲೇ ಒಂದು ವ್ಯತ್ಯಾಸ ಹಿಡಿದೆ.

ಕದ್ರಿಗುಡ್ಡೆ | ಸೆಪ್ಟೆಂಬರ್ 13, ಮಧ್ಯಾಹ್ನ 1.34

ಯಾವಾಗಲೂ ತಿರುಗಿದ್ದೇ ಆಗಬೇಕು ಅಂತ ಇಲ್ಲ ತಮ್ಮ. ಸೊನ್ನೆ ಬಿಟ್ಟು ಹೋದರೂ 9ರಿಂದ ಭಾಗ ಆಗುತ್ತದೆ. 500 ಇರುವಲ್ಲಿ 50 ಬರೆದರೆ ವ್ಯತ್ಯಾಸ 450. ಅದನ್ನೂ ನೋಡು. ವ್ಯತ್ಯಾಸದ ಅರ್ಧ ಮೊತ್ತವನ್ನೂ ಹುಡುಕು, ಜಮೆ ಕಡೆ ಹಾಕಬೇಕಾದದ್ದು ಖರ್ಚಿನ ಕಡೆ ಹೋಗಿರಬಹುದು.

ಹಳೆ ಲೆಡ್ಜರ್ | ಸೆಪ್ಟೆಂಬರ್ 13, ಮಧ್ಯಾಹ್ನ 2.02

ಸರಿಯಾಗಿ ಹೇಳಿದಿರಿ.

ಕಾಪು ಕಡಲು | ಸೆಪ್ಟೆಂಬರ್ 13, ಮಧ್ಯಾಹ್ನ 2.15

ಸರ್ ಯಾವ ಬ್ಯಾಂಕು? ನಮ್ಮ ತಂದೆಯೂ ಬ್ಯಾಂಕಿನವರು. ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಐದು ದೊಡ್ಡ ಬ್ಯಾಂಕುಗಳಲ್ಲಿ ಈಗ ಹೆಸರು ಉಳಿದದ್ದು ಎರಡೇ, 1906ರ ಕೆನರಾ ಮತ್ತು 1924ರ ಕರ್ಣಾಟಕ. ವಿಜಯಾ 2019ರಲ್ಲಿ ಬೇರೆ ಬ್ಯಾಂಕಿಗೆ ಸೇರಿ ಹೋಯಿತು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲ್ 1ಕ್ಕೆ. ತಂದೆ ಆ ದಿನ ಊಟ ಮಾಡಲಿಲ್ಲ.

ಹಳೆ ಲೆಡ್ಜರ್ | ಸೆಪ್ಟೆಂಬರ್ 13, ಮಧ್ಯಾಹ್ನ 2.40

ಆ ಐದರಲ್ಲಿ ಒಂದು. ಬೇಸರದ ವಿಷಯ, ಇಲ್ಲಿ ಬೇಡ. ಈ ಹೆಣ್ಣುಮಗಳ ಪ್ರಶ್ನೆಗೆ ಉತ್ತರ ಕೊಡಿ.

ರಾತ್ರಿಪಾಳಿ ಸಿಸ್ಟರ್ | ಸೆಪ್ಟೆಂಬರ್ 13, ಸಂಜೆ 5.50

ನಾನು ನರ್ಸ್. ನಮ್ಮ ಸೀಸನ್ ಮಳೆಗಾಲ. ಜುಲೈ ಆಗಸ್ಟಿನಲ್ಲಿ ಡೆಂಗಿ, ಇಲಿಜ್ವರ ಅಂತ ವಾರ್ಡ್ ತುಂಬಿ ಹೋಗುತ್ತದೆ. ಮೊದಲೆಲ್ಲ ನಾನೂ ಮನೆಗೆ ಹೋಗಿ ಮಲಗಿದ ಮೇಲೆ ಎದ್ದು ವಾರ್ಡಿಗೆ ಫೋನ್ ಮಾಡುತ್ತಿದ್ದೆ. 12ನೇ ಬೆಡ್ಡಿನವರ ಪ್ಲೇಟ್‌ಲೆಟ್ ರಿಪೋರ್ಟ್ ಬಂತಾ, ಡ್ರಿಪ್ ಬದಲಿಸಿದಿರಾ ಅಂತ.

ಒಬ್ಬರು ಹಿರಿಯ ಸಿಸ್ಟರ್ ನನಗೆ ಒಂದು ಅಭ್ಯಾಸ ಮಾಡಿಸಿದರು. ಪಾಳಿ ಮುಗಿಯುವ ಮೊದಲು ಹತ್ತು ನಿಮಿಷ ಕೂತು ಹ್ಯಾಂಡೋವರ್ ಪುಸ್ತಕದಲ್ಲಿ ಎಲ್ಲ ಬರೆಯುವುದು. ಆದದ್ದು ಮಾತ್ರ ಅಲ್ಲ, ಆಗದೆ ಉಳಿದದ್ದು, ಮುಂದೆ ಯಾರು ಎಷ್ಟು ಗಂಟೆಗೆ ಎಂತ ಮಾಡಬೇಕು ಅಂತ. ಬರೆದು, ಬಾಯಲ್ಲಿ ಓದಿ ಹೇಳಿ, ಸಹಿ ಹಾಕಿದ ಮೇಲೆ ಅದು ನನ್ನ ತಲೆಯಿಂದ ಇಳಿಯುತ್ತದೆ. ಅಕ್ಕ, ನಿಮ್ಮ ಆಫೀಸಿನಲ್ಲಿ ಮುಂದಿನ ಪಾಳಿಯವರು ಇಲ್ಲ. ನಾಳೆ ಬೆಳಿಗ್ಗೆ ಬರುವ ನಿಮಗೇ ನೀವು ಹ್ಯಾಂಡೋವರ್ ಕೊಡಿ. "ಇಂಥ ಪಾರ್ಟಿ, 44ನೇ ಕಲಂ ಬಾಕಿ, ಖರ್ಚಿನ ಪಟ್ಟಿ ಬಂದಿಲ್ಲ, ಹತ್ತೂವರೆಗೆ ಫೋನ್ ಮಾಡುವುದು." ಇಷ್ಟು ವಿವರವಾಗಿ ಬರೆಯಬೇಕು. ಸುಮ್ನೆ "ಆಡಿಟ್ ಬಾಕಿ" ಅಂತ ಬರೆದರೆ ಮೂರು ಗಂಟೆಗೆ ಎಬ್ಬಿಸುವುದು ಅದೇ.

ಮನದ ಮಾತು | ಸೆಪ್ಟೆಂಬರ್ 13, ಸಂಜೆ 7.05

ನಾನು ಆಪ್ತ ಸಲಹೆಗಾರಳು. ಸಿಸ್ಟರ್ ಹೇಳಿದ್ದಕ್ಕೆ ಆಧಾರ ಉಂಟು. ಮುಗಿಯದ ಕೆಲಸ ಮುಗಿದ ಕೆಲಸಕ್ಕಿಂತ ಜಾಸ್ತಿ ನೆನಪಿನಲ್ಲಿ ಉಳಿಯುತ್ತದೆ ಅಂತ ಬ್ಲೂಮಾ ಜೈಗಾರ್ನಿಕ್ ಅನ್ನುವ ಮನೋವಿಜ್ಞಾನಿ 1927ರಲ್ಲೇ ಬರೆದಿದ್ದರು. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಮಲಗುವ ಮೊದಲು ಐದು ನಿಮಿಷ ನಾಳೆಯ ಕೆಲಸಗಳನ್ನು ಬರೆದವರಿಗೆ, ಅವತ್ತು ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಬಂತು. ಎಷ್ಟು ವಿವರವಾಗಿ ಬರೆದರೋ ಅಷ್ಟು ಬೇಗ.

ಮೂರಕ್ಕೆ ಎಚ್ಚರ ಆದರೆ ಮೊಬೈಲ್ ಮುಟ್ಟಬೇಡಿ, ಗಡಿಯಾರ ನೋಡಬೇಡಿ. ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂತುಕೊಳ್ಳಿ, ನಿದ್ದೆ ತೂಗಿದಾಗ ಬಂದು ಮಲಗಿ. ಉಸಿರು ಒಳಗೆ ತೆಗೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಲಿ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ಹತ್ತು ಸಲ.

ಕೊಡಿಯಾಲ್‌ಬೈಲ್ | ಸೆಪ್ಟೆಂಬರ್ 13, ಸಂಜೆ 7.30

ಈ ಉಸಿರಿನದ್ದು ನಾನು ಬಸ್ಸಿನಲ್ಲಿ ಮಾಡುತ್ತೇನೆ. ಕೂಳೂರು ಸೇತುವೆ ಹತ್ತಿರ ಬ್ಲಾಕ್ ಆದರೆ ಹತ್ತಲ್ಲ, ನೂರು ಸಲ ಮಾಡಲಿಕ್ಕೆ ಸಮಯ ಸಿಗುತ್ತದೆ.

ಪಣಂಬೂರು | ಸೆಪ್ಟೆಂಬರ್ 13, ಸಂಜೆ 7.44

ಕೂಳೂರು ಬಿಡಿ, ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಂತರೆ ಅದರ ಕಥೆ ಹೇಳಿ. ಮನೆ ಮುಟ್ಟುವಾಗ ಆಫೀಸಿನ ಒತ್ತಡ ಎಷ್ಟು, ರಸ್ತೆಯದ್ದು ಎಷ್ಟು ಅಂತ ಬೇರೆ ಮಾಡಲಿಕ್ಕೇ ಆಗುವುದಿಲ್ಲ.

ಹಕ್ಕಿನ ಮಾತು | ಸೆಪ್ಟೆಂಬರ್ 13, ರಾತ್ರಿ 9.15

ಎಲ್ಲರೂ ಕಷಾಯ, ಉಸಿರು ಅಂತ ಹೇಳುತ್ತಿದ್ದೀರಿ. ಯಾರೂ ಗಂಟೆ ಲೆಕ್ಕ ಕೇಳಲಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದರ ಮೇಲೆ ಮಾಡಿಸಿದರೆ ಎರಡು ಪಟ್ಟು ಸಂಬಳ ಅಂತ ಅದರಲ್ಲಿ ಉಂಟು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಹೇಳಿದ್ದನ್ನೂ ಕೇಳಿ. ವಾರಕ್ಕೆ 55 ಗಂಟೆ ಅಥವಾ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಜಾಸ್ತಿ, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಜಾಸ್ತಿ. ಲೆಕ್ಕದಕ್ಕ, ನೀವು ವಾರಕ್ಕೆ ಎಷ್ಟು ಗಂಟೆ ಮಾಡುತ್ತಿದ್ದೀರಿ?

ಸುರತ್ಕಲ್ ಲೆಕ್ಕದಕ್ಕ | ಸೆಪ್ಟೆಂಬರ್ 13, ರಾತ್ರಿ 10.05

ಈಗ ಕೂಡಿಸಿ ನೋಡಿದೆ. ಕಳೆದ ವಾರ 67. ಇದುವರೆಗೆ ಲೆಕ್ಕ ಹಾಕಿರಲಿಲ್ಲ. ಎಲ್ಲರ ಲೆಕ್ಕ ಬರೆಯುತ್ತೇನೆ, ನನ್ನದು ಬರೆದಿರಲಿಲ್ಲ.

ಆರ್ಟಿಕಲ್ 2ನೇ ವರ್ಷ | ಸೆಪ್ಟೆಂಬರ್ 13, ರಾತ್ರಿ 10.20

ಸಿಎ ಕಲಿಯುತ್ತಾ ಆಫೀಸಿನಲ್ಲಿ ತರಬೇತಿ ಮಾಡುವ ನಮ್ಮಂಥ ಆರ್ಟಿಕಲ್‌ನವರಿಗೆ ಐಸಿಎಐ (ಸಿಎಗಳ ಸಂಸ್ಥೆ) ನಿಯಮದಲ್ಲಿ ವಾರಕ್ಕೆ 35 ಗಂಟೆ ಅಂತ ಉಂಟು. ನಾನು ಈ ತಿಂಗಳು 35 ಗಂಟೆಯನ್ನು ಬುಧವಾರಕ್ಕೇ ಮುಗಿಸುತ್ತೇನೆ. ಸ್ಟೈಪೆಂಡ್ ವಿಷಯ ಕೇಳಬೇಡಿ. ಆದರೆ ಕಲಿಯುವುದೂ ಈ ತಿಂಗಳೇ, ಅದನ್ನೂ ಹೇಳಬೇಕು.

ಸಣ್ಣ ಆಫೀಸ್ ಸಿಎ | ಸೆಪ್ಟೆಂಬರ್ 13, ರಾತ್ರಿ 11.30

ಓದುತ್ತಾ ಬಂದೆ, ಸುಮ್ನೆ ಇರಲಿಕ್ಕೆ ಆಗಲಿಲ್ಲ. ನನ್ನ ಆಫೀಸಿನಲ್ಲಿ ಆರು ಜನ. ಯಜಮಾನ ಅಂದರೆ ಮನೆಗೆ ಹೋಗಿ ಮಲಗುವವನು ಅಂತ ತಿಳಿಯಬೇಡಿ, ರಿಪೋರ್ಟಿಗೆ ಸಹಿ ಹಾಕುವವನು ನಾನು, ತಪ್ಪಾದರೆ ಉತ್ತರ ಕೊಡಬೇಕಾದವನೂ ನಾನು. ಏಪ್ರಿಲ್‌ನಿಂದ ಫೋನ್ ಮಾಡುತ್ತೇವೆ, ಪಾರ್ಟಿಗಳು ಬಿಲ್ಲು ಕೊಡುವುದಿಲ್ಲ. ಸೆಪ್ಟೆಂಬರ್ 25ಕ್ಕೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ವರ್ಷದ ಬಿಲ್ಲು ತುಂಬಿ ತಂದು ಮೇಜಿನ ಮೇಲೆ ಇಡುತ್ತಾರೆ, "ಒಮ್ಮೆ ನೋಡಿ ಸಾರ್" ಅಂತ. ಅವರನ್ನು ಬಿಟ್ಟರೆ ಪಕ್ಕದ ಬೀದಿಯವರು ತೆಗೆದುಕೊಳ್ಳುತ್ತಾರೆ. ಅದರ ಮೇಲೆ ಪೋರ್ಟಲ್ ನಿಧಾನ. 48 ಗಂಟೆ ಕಾಯ್ದೆ ನನಗೂ ಗೊತ್ತುಂಟು. ಆ 25ರ ತೊಟ್ಟೆಗೆ ಎಂತ ಮಾಡಬೇಕು ಅಂತ ಯಾರಾದರೂ ಹೇಳಿ.

ಹಕ್ಕಿನ ಮಾತು | ಸೆಪ್ಟೆಂಬರ್ 13, ರಾತ್ರಿ 11.41

ತೊಟ್ಟೆಯ ಭಾರವನ್ನು ತಿಂಗಳ ಸಂಬಳದವರ ನಿದ್ದೆಯ ಮೇಲೆ ಹಾಕಬಾರದು ಸರ್. ಪಾರ್ಟಿಗೆ ಬೇಡ ಅನ್ನಲಿಕ್ಕೆ ಹೆದರುವವರು ನೀವು, ಅದಕ್ಕೆ ಬೆಲೆ ಕೊಡುವವರು ಅವರು.

ಸಣ್ಣ ಆಫೀಸ್ ಸಿಎ | ಸೆಪ್ಟೆಂಬರ್ 13, ರಾತ್ರಿ 11.52

ಕಟುವಾಗಿ ಹೇಳಿದಿರಿ. ಸುಳ್ಳು ಅಂತ ಹೇಳಲಾರೆ.

ಕದ್ರಿಗುಡ್ಡೆ | ಸೆಪ್ಟೆಂಬರ್ 14, ಬೆಳಿಗ್ಗೆ 8.10

ನಮ್ಮ ಆಫೀಸಿನಲ್ಲಿ ಎರಡು ವರ್ಷದಿಂದ ಒಂದು ನಿಯಮ ಮಾಡಿದ್ದೇವೆ. ಆಗಸ್ಟ್ 31ರ ಒಳಗೆ ಪೇಪರ್ ಕೊಟ್ಟವರದ್ದು ಮೊದಲು. ಆಮೇಲೆ ಬಂದದ್ದಕ್ಕೆ ಫೀಸು ಜಾಸ್ತಿ, ತಡ ಆದರೆ ಜವಾಬ್ದಾರಿ ಅವರದ್ದು ಅಂತ ಏಪ್ರಿಲ್‌ನಲ್ಲೇ ಪತ್ರ ಕೊಟ್ಟು ಸಹಿ ಹಾಕಿಸುತ್ತೇವೆ. ಮೊದಲ ವರ್ಷ ನಾಲ್ಕು ಪಾರ್ಟಿ ಬಿಟ್ಟು ಹೋದರು. ಇಬ್ಬರು ಪುನಃ ಬಂದರು. ನಾನು ಈಗಲೂ ರಾತ್ರಿ ಕೂರುತ್ತೇನೆ, ಆದರೆ ಮೊದಲಿನಷ್ಟು ಅಲ್ಲ. ಗೋಡೆ ಮೇಲೆ ಒಂದು ಬಿಳಿ ಬೋರ್ಡ್ ಹಾಕಿ ಪಾರ್ಟಿ ಹೆಸರು, ಯಾವುದು ಬಾಕಿ, ಯಾರ ಕೈಯಲ್ಲಿ ಉಂಟು ಅಂತ ಬರೆದದ್ದೂ ಉಪಯೋಗ ಆಯಿತು. ಮೊದಲೆಲ್ಲ ಯಾರ ತಲೆಯಲ್ಲಿ ಎಷ್ಟು ಉಂಟು ಅಂತ ಪಕ್ಕದ ಮೇಜಿನವರಿಗೂ ಗೊತ್ತಿರಲಿಲ್ಲ.

ಬೋಂದೆಲ್ ಕೋಡರ್ | ಸೆಪ್ಟೆಂಬರ್ 14, ಬೆಳಿಗ್ಗೆ 8.30

ಡ್ಯೂ ಡೇಟ್ ಮುಂದೆ ಹಾಕುತ್ತಾರಲ್ಲ ಪ್ರತಿ ಸಲ? ಅಷ್ಟು ಗಡಿಬಿಡಿ ಯಾಕೆ?

ಕದ್ರಿಗುಡ್ಡೆ | ಸೆಪ್ಟೆಂಬರ್ 14, ಬೆಳಿಗ್ಗೆ 8.48

ಪ್ರತಿ ಸಲ ಅಲ್ಲ. 2025ರಲ್ಲಿ ಹಾಕಿದರು, ಅದೂ ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಕೋರ್ಟ್ ಆದೇಶ ಬಂದ ಮೇಲೆ 30 ಇದ್ದದ್ದು ಅಕ್ಟೋಬರ್ 31 ಆಯಿತು, ಮತ್ತೆ ನವೆಂಬರ್ 10. ಕೇಳಿದವರಿಗೆ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಅಷ್ಟರಲ್ಲಿ ನಾವು ನಿದ್ದೆ ಬಿಟ್ಟು ಮುಕ್ಕಾಲು ಭಾಗ ಮುಗಿಸಿ ಆಗಿತ್ತು. ಉಳಿದ ಪಾರ್ಟಿಗಳು "ಇನ್ನೂ ಸಮಯ ಉಂಟಲ್ಲ" ಅಂತ ಪುನಃ ಮಲಗಿದರು. ದೀಪಾವಳಿಯೂ ಹಾಳಾಯಿತು. ಮುಗಿಯುವ ದಿನ ಗೊತ್ತಿಲ್ಲದ ಕೆಲಸ ಇನ್ನೂ ಕಷ್ಟ.

ಹಾರ್ಡ್‌ವೇರ್ ಅಂಗಡಿ, ಮೂಡುಬಿದಿರೆ | ಸೆಪ್ಟೆಂಬರ್ 14, ಬೆಳಿಗ್ಗೆ 10.25

25ಕ್ಕೆ ತೊಟ್ಟೆ ತರುವವನು ನಾನೇ. ಹೌದು, ನನ್ನ ಹಾಗಿನವರೇ. ನಮಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ನಂಬುತ್ತೀರಾ? ಬಿಲ್ಲು ಕೊಟ್ಟರೆ ಒಂದು ದಿನದಲ್ಲಿ ಕಂಪ್ಯೂಟರ್ ಮಾಡುತ್ತದೆ ಅಂತ ಲೆಕ್ಕ ಹಾಕಿದ್ದೆ. ಆ ಆಫೀಸಿನಲ್ಲಿ ಒಬ್ಬರು ಮೇಡಂ ಯಾವಾಗಲೂ ನಗುತ್ತಲೇ ಮಾತಾಡುತ್ತಾರೆ. ಅವರ ಮನೆಯಲ್ಲೂ ಹೀಗೆ ಒಂದು ಮಗು ಕಾಯುತ್ತಿರಬಹುದು ಅಂತ ಇವತ್ತು ಅನ್ನಿಸಿತು. ಈ ಸಲ ಎಂತೆಂತ ಕೊಡಬೇಕು ಅಂತ ಯಾರಾದರೂ ಹೇಳಿ, ನಾಳೆಯೇ ಕೊಡುತ್ತೇನೆ.

ಸುರತ್ಕಲ್ ಲೆಕ್ಕದಕ್ಕ | ಸೆಪ್ಟೆಂಬರ್ 14, ಮಧ್ಯಾಹ್ನ 1.10

ಅಣ್ಣ, ನೀವು ಹೀಗೆ ಬರೆದದ್ದೇ ದೊಡ್ಡ ಉಪಕಾರ. ಎಲ್ಲ ಬ್ಯಾಂಕ್ ಖಾತೆಗಳ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಸ್ಟೇಟ್‌ಮೆಂಟ್, ಸಾಲ ಇದ್ದರೆ ಬಾಕಿ ಪತ್ರ, ಮಾರ್ಚ್ 31ಕ್ಕೆ ಅಂಗಡಿಯಲ್ಲಿ ಇದ್ದ ಸ್ಟಾಕಿನ ಪಟ್ಟಿ, ಯಾರಿಂದ ಎಷ್ಟು ಬರಬೇಕು ಯಾರಿಗೆ ಕೊಡಬೇಕು ಅದರ ಪಟ್ಟಿ, ಹೊಸ ಗಾಡಿ ಮಿಷನ್ ತೆಗೆದಿದ್ದರೆ ಬಿಲ್ಲು. ನಗದಿನಲ್ಲಿ ದೊಡ್ಡ ಮೊತ್ತ ಕೊಟ್ಟಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಖರ್ಚಿನ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರುವವರದ್ದು ಬೇರೆ ಕಟ್ಟು, ಇಲ್ಲದವರದ್ದು ಬೇರೆ ಕಟ್ಟು ಮಾಡಿ. ಆ 44ನೇ ಕಲಂ ಅಂದೆನಲ್ಲ, ಅದು ಕೇಳುವುದು ಇದನ್ನೇ. ನೀವು ಎರಡು ಕಟ್ಟು ಮಾಡಿದರೆ ನಮಗೆ ಒಂದು ದಿನ ಉಳಿಯುತ್ತದೆ.

ಮಲ್ಪೆ ಐಸ್ ಪ್ಲಾಂಟ್ | ಸೆಪ್ಟೆಂಬರ್ 14, ಮಧ್ಯಾಹ್ನ 3.00

ನಮ್ಮದು ಮೀನಿನ ಲೈನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ಆಮೇಲೆ ಆಗಸ್ಟಿನಿಂದ ಹಿಡಿದರೆ ನಿಲ್ಲಲಿಕ್ಕೆ ಇಲ್ಲ. ಬೆಳಗಿನ ಜಾವವೇ ಬಂದರಿನಲ್ಲಿ ಕೆಲಸ ಶುರು. ನಾನು ಕಲಿತದ್ದು ಒಂದೇ. ಊಟದ ಹೊತ್ತು ತಪ್ಪಿಸಬಾರದು. ಎಷ್ಟೇ ಲೋಡ್ ಬರಲಿ, ಹನ್ನೊಂದಕ್ಕೆ ಕುಚ್ಚಲಕ್ಕಿ ಗಂಜಿ, ಒಂದು ತುಂಡು ಮೀನು ಅಥವಾ ಉಪ್ಪಿನಕಾಯಿ. ಆಮೇಲೆ ಒಂದು ಗಂಟೆ ಫೋನ್ ಇನ್ನೊಬ್ಬನ ಕೈಗೆ ಕೊಟ್ಟು ಮಲಗುವುದು. ಮೊದಮೊದಲು ಎಲ್ಲರೂ ಬೈದರು. ಈಗ ಆ ಹೊತ್ತಿಗೆ ಯಾರೂ ಫೋನ್ ಮಾಡುವುದಿಲ್ಲ.

ಚೆಂಡೆ ಪೆಟ್ಟು | ಸೆಪ್ಟೆಂಬರ್ 14, ಸಂಜೆ 6.20

ನಾನು ಯಕ್ಷಗಾನ ಮೇಳದಲ್ಲಿ ಚೆಂಡೆ ಬಾರಿಸುವವನು. ದೀಪಾವಳಿ ಕಳೆದು ಹೊರಟರೆ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ದಿನಾ ಆಟ. ಇವತ್ತು ಬೆಳ್ಮಣ್ಣು, ನಾಳೆ ಪುತ್ತೂರು. ನಮ್ಮದನ್ನೂ ಒತ್ತಡ ಅಂತ ಯಾರೂ ಹೇಳುವುದಿಲ್ಲ, ಆದರೆ ಆರು ತಿಂಗಳು ರಾತ್ರಿಯೇ ಬದುಕು.

ನಾವು ಹೇಗೆ ಸುಧಾರಿಸುತ್ತೇವೆ ಅಂದರೆ, ಹಿಂದಿನವರು ಕೆಲಸವನ್ನೇ ಹಾಗೆ ಪಾಲು ಮಾಡಿ ಇಟ್ಟಿದ್ದಾರೆ. ರಾತ್ರಿಯಿಡೀ ಆಟದಲ್ಲಿ ಶುರುವಿಗೆ ಕಿರಿಯ ಭಾಗವತರು ಹಾಡುತ್ತಾರೆ, ನಡುರಾತ್ರಿ ಮೇಲೆ ಹಿರಿಯರು ಬಂದು ಕೂರುತ್ತಾರೆ. ಚೆಂಡೆ ಮದ್ದಳೆಯವರಿಗೂ ಹಾಗೇ ಬದಲಿ ಉಂಟು. ತನ್ನ ಪಾಲು ಮುಗಿಸಿದವನು ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಬಿದ್ದುಕೊಂಡು ಒಂದು ನಿದ್ದೆ ಹೊಡೆಯುತ್ತಾನೆ, ಅವನನ್ನು ಯಾರೂ ಸೋಮಾರಿ ಅನ್ನುವುದಿಲ್ಲ. ಮತ್ತೆ ಪತ್ತನಾಜೆ. ಆ ದಿನ ಗೆಜ್ಜೆ ಬಿಚ್ಚಿದರೆ ಆಯಿತು, ಮೇಳ ಮುಗಿಯಿತು. ಜನವರಿಯಲ್ಲಿ ಕೈ ಬೆರಳು ಸಿಡಿದು ರಕ್ತ ಬಂದಾಗಲೂ ಪತ್ತನಾಜೆ ಇಷ್ಟನೇ ತಾರೀಖಿಗೆ ಅಂತ ಗೊತ್ತಿರುವುದರಿಂದ ಧೈರ್ಯ. ಅಕ್ಕ, ನಿಮ್ಮ ಸೀಸನ್ನಿಗೆ ಪತ್ತನಾಜೆ ಯಾವಾಗ?

ಕಾಪು ಕಡಲು | ಸೆಪ್ಟೆಂಬರ್ 14, ಸಂಜೆ 6.45

ಆದರೆ ಪತ್ತನಾಜೆ ನಂತರವೂ ಕಲಾವಿದರಿಗೆ ಎಲ್ಲಿ ರಜೆ? ಮಳೆಗಾಲದಲ್ಲಿ ಚಿಕ್ಕಮೇಳ ಅಂತ ಮನೆಮನೆಗೆ ಬರುತ್ತಾರಲ್ವಾ. ಈಗ ಎಷ್ಟೋ ಕಡೆ ಕಾಲಮಿತಿ ಆಟವೂ ಉಂಟು, ನಡುರಾತ್ರಿಗೆ ಮುಗಿಯುತ್ತದೆ.

ಚೆಂಡೆ ಪೆಟ್ಟು | ಸೆಪ್ಟೆಂಬರ್ 14, ಸಂಜೆ 7.00

ಹೌದು, ಹೊಟ್ಟೆಪಾಡಿಗೆ ಹೋಗುವವರು ಹೋಗುತ್ತಾರೆ. ನಾನೂ ಮೂರು ವರ್ಷ ಹೋಗಿದ್ದೆ. ಈಗ ಹೋಗುವುದಿಲ್ಲ, ಗದ್ದೆ ಕೆಲಸ ಉಂಟು. ಕಾಲಮಿತಿ ಬಂದ ಮೇಲೆ ದೇಹಕ್ಕೆ ಸ್ವಲ್ಪ ಸುಖ ಆದದ್ದು ನಿಜ.

ರಾತ್ರಿಪಾಳಿ ಸಿಸ್ಟರ್ | ಸೆಪ್ಟೆಂಬರ್ 14, ರಾತ್ರಿ 8.30

ಅಕ್ಕ ಹೊಟ್ಟೆ ಉರಿ ಅಂದಿದ್ದೀರಿ. ಎದೆ ನೋವು, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣಗಿನ ಬೆವರು, ಉಸಿರು ಕಟ್ಟುವುದು ಇದ್ದರೆ ಗ್ಯಾಸ್ ಅಂತ ಕಾಯಬೇಡಿ. ಸೀದಾ ಆಸ್ಪತ್ರೆಗೆ ಹೋಗಿ. 30 ಮುಗಿಯಲಿ ಅಂತ ಕಾದು ಬಂದವರನ್ನು ನಾನು ನೋಡಿದ್ದೇನೆ.

ಮನದ ಮಾತು | ಸೆಪ್ಟೆಂಬರ್ 14, ರಾತ್ರಿ 8.55

ಇನ್ನೊಂದು ಮಾತು. ಸೀಸನ್ ಮುಗಿದ ಮೇಲೂ ಎರಡು ವಾರ ನಿದ್ದೆ ಬಾರದೆ ಹೋದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕುವುದೇ ಬೇಡ ಅನ್ನಿಸಿದರೆ, ಅದು ಸೀಸನ್ ಒತ್ತಡ ಮಾತ್ರ ಅಲ್ಲ. ಕೊನೆಯದ್ದು ಅನ್ನಿಸಿದರೆ ಎರಡು ವಾರವೂ ಕಾಯಬಾರದು. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ದಿನದ 24 ಗಂಟೆಯೂ ಉಂಟು, ಕನ್ನಡದಲ್ಲೇ ಮಾತಾಡಬಹುದು.

ತೊಕ್ಕೊಟ್ಟು | ಸೆಪ್ಟೆಂಬರ್ 14, ರಾತ್ರಿ 9.10

ಈ ನಂಬರ್ ಬರೆದು ಇಟ್ಟುಕೊಂಡೆ. ನನ್ನ ತಮ್ಮನಿಗೆ ಬೇಕು. ಧನ್ಯವಾದ ಮೇಡಂ.

ಸುರತ್ಕಲ್ ಲೆಕ್ಕದಕ್ಕ | ಸೆಪ್ಟೆಂಬರ್ 16, ರಾತ್ರಿ 9.20

ಎಲ್ಲರದ್ದೂ ಎರಡು ಸಲ ಓದಿದೆ. ನಿನ್ನೆ ಅಡ್ವಾನ್ಸ್ ಟ್ಯಾಕ್ಸ್ ಕೆಲಸ ಮುಗಿದ ಮೇಲೆ ಧೈರ್ಯ ಮಾಡಿ ಸರ್ ಹತ್ತಿರ ಮಾತಾಡಿದೆ. ದೂರು ಹೇಳಲಿಲ್ಲ, ನನ್ನ ಗಂಟೆಗಳನ್ನು ಬರೆದ ಕಾಗದ ಮತ್ತು ಬಾಕಿ ಫೈಲುಗಳ ಪಟ್ಟಿ ಎದುರಿಗೆ ಇಟ್ಟೆ. ನನ್ನ ಕೈಯಲ್ಲಿ 23 ಇತ್ತು, ಪಕ್ಕದವರಲ್ಲಿ 9. ಅವರಿಗೂ ನನಗೂ ಅದು ಗೊತ್ತಿರಲಿಲ್ಲ, ಸರ್‌ಗೂ ಇಲ್ಲ. ಆರು ಫೈಲು ಬದಲಾದವು. ರಾತ್ರಿ ಒಂಬತ್ತರ ನಂತರ ಗ್ರೂಪಿನಲ್ಲಿ ಮೆಸೇಜ್ ಬೇಡ ಅಂತ ಕೇಳಿದೆ. ಅದಕ್ಕೆ ಸರ್ ಪೂರ್ತಿ ಒಪ್ಪಲಿಲ್ಲ, 20 ಮತ್ತು 30ನೇ ತಾರೀಖು ಬಿಟ್ಟು ಅಂದರು. ಇರಲಿ.

ಹ್ಯಾಂಡೋವರ್ ಪುಸ್ತಕ ಶುರು ಮಾಡಿದೆ. ಎರಡು ದಿನ ಆಯಿತು. ಮೊದಲ ರಾತ್ರಿ ಮೂರಕ್ಕೆ ಎಚ್ಚರ ಆಯಿತು, ಬರೆದದ್ದು ಉಂಟಲ್ಲ ಅಂತ ನೆನಪಾಗಿ ಪುನಃ ಮಲಗಿದೆ. ನಿನ್ನೆ ಐದಕ್ಕೆ ಎಚ್ಚರ.

ಬೋಂದೆಲ್ ಕೋಡರ್ | ಸೆಪ್ಟೆಂಬರ್ 16, ರಾತ್ರಿ 9.45

ಒಳ್ಳೆಯದಾಯಿತು ಅಕ್ಕ. ಆಗಸ್ಟ್ 31ರ ಪತ್ರದ ವಿಷಯವನ್ನು ಮಾತ್ರ ಅಕ್ಟೋಬರ್‌ನಲ್ಲಿ ಬಿಡಬೇಡಿ.

ಸಣ್ಣ ಆಫೀಸ್ ಸಿಎ | ಸೆಪ್ಟೆಂಬರ್ 16, ರಾತ್ರಿ 10.30

ನಾನು ಇವತ್ತು ನಮ್ಮ ಆಫೀಸಿನಲ್ಲೂ ಬಿಳಿ ಬೋರ್ಡ್ ಹಾಕಿಸಿದೆ. ನಮ್ಮಲ್ಲೂ ಒಬ್ಬಳ ಹೆಸರಿನ ಎದುರು ಮಾತ್ರ ಹದಿನೇಳು ಫೈಲು ಇತ್ತು. ಅವಳು ಒಂದು ದಿನವೂ ಬಾಯಿ ಬಿಟ್ಟು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸುರತ್ಕಲ್ ಲೆಕ್ಕದಕ್ಕ | ಅಕ್ಟೋಬರ್ 3, ಸಂಜೆ 6.15

30ಕ್ಕೆ ರಾತ್ರಿ ಹತ್ತೂಕಾಲಿಗೆ ನಮ್ಮ ಕೊನೆಯ ರಿಪೋರ್ಟ್ ಅಪ್‌ಲೋಡ್ ಆಯಿತು. ಎರಡು ಪಾರ್ಟಿಗಳದ್ದು ಆಗಲಿಲ್ಲ, ಪೇಪರ್ ಬಂದಿರಲಿಲ್ಲ. ಅವರಿಗೆ ಲಿಖಿತವಾಗಿ ತಿಳಿಸಿದ್ದೆವು. ಹಿಂದಿನ ವರ್ಷ ಆಗಿದ್ದರೆ ನಾನು ಅತ್ತು ಕರೆದು ಹೇಗಾದರೂ ಮಾಡುತ್ತಿದ್ದೆ.

ಚೆಂಡೆಯಣ್ಣ, ನನ್ನ ಪತ್ತನಾಜೆ ಇವತ್ತು. ಮೂರು ದಿನ ರಜೆ ಮೊದಲೇ ಬರೆದು ಕೊಟ್ಟಿದ್ದೆ. ಮಗಳನ್ನು ಕರೆದುಕೊಂಡು ಸುಲ್ತಾನ್ ಬತ್ತೇರಿಯಿಂದ ದೋಣಿ ದಾಟಿ ತಣ್ಣೀರುಬಾವಿಗೆ ಬಂದಿದ್ದೇನೆ. ಈಗ ಮರಳಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವಳು ಅವತ್ತು ಹೇಳಲಿಕ್ಕೆ ಹೊರಟದ್ದು ಎಂತ ಅಂತ ಕೇಳಿದೆ. ಶಾಲೆಯಲ್ಲಿ ಹುಲಿವೇಷಕ್ಕೆ ಅವಳನ್ನು ಮರಿಹುಲಿ ಮಾಡಿದ್ದಾರಂತೆ, ಹಳದಿ ಅಂಗಿ ಬೇಕಂತೆ. ಕಾರ್ಯಕ್ರಮ ಇನ್ನೂ ಆಗಿಲ್ಲ, ಪುಣ್ಯ. ಹಳದಿ ಅಂಗಿ ಹಂಪನಕಟ್ಟೆಯಲ್ಲಿ ಎಲ್ಲಿ ಒಳ್ಳೆಯದು ಸಿಗುತ್ತದೆ, ಯಾರಾದರೂ ಹೇಳಿ.

ಪುನರ್ಪುಳಿ | ಅಕ್ಟೋಬರ್ 3, ಸಂಜೆ 6.22

ಅಂಗಿ ತೆಗೆಯಬೇಡಿ ಅಕ್ಕ, ನನ್ನ ಮಗನ ಹುಲಿ ಡ್ರೆಸ್ ಬಾಲದ ಸಮೇತ ಮನೆಯಲ್ಲಿ ಉಂಟು. ಒಂಬತ್ತು ವರ್ಷದವರಿಗೆ ಆಗುತ್ತದೆ. ಸೋಮವಾರ ಲಾಲ್‌ಬಾಗ್ ಹತ್ತಿರ ಬಂದರೆ ಕೊಡುತ್ತೇನೆ.